ಮೈಕಣ್ಣನ ಗಂಟಲು, ಟೀಚರಮ್ಮನ ಮೌನ

ಇಷ್ಟಕ್ಕೆಲ್ಲ ಕಾರಣ ಶಾಲೆಯ ಚಾವಣಿ. ಮೇಲೆ ಕೆಲಸದವರು ಸುತ್ತಿಗೆಯಿಂದ ತಗಡು ಬಡಿಯುತ್ತಿದ್ದರೆ, ಕೆಳಗೆ ಟೀಚರಮ್ಮ ಆ ಸದ್ದನ್ನೂ ಮೀರಿಸಿ ಮಗ್ಗಿ ಹೇಳಿಕೊಡಲು ಹೋಗಿ ದನಿ ಕಳೆದುಕೊಂಡಳು. ಒಂದಕ್ಷರ ಮಾತಾಡಕೂಡದು ಎಂದರು ಡಾಕ್ಟರು. ಅಷ್ಟು ಹೊತ್ತಿಗೆ ಶಾಲೆಯವರಿಗೂ ಬುದ್ಧಿ ಬಂತು. ರಿಪೇರಿ ಮುಗಿಯುವವರೆಗೆ, ಒಂದು ವಾರ, ಪಾಠವೆಲ್ಲ ಮನೆಯಲ್ಲೇ ಆಗಲಿ ಎಂದು ಮಕ್ಕಳನ್ನು ಕಳಿಸಿಬಿಟ್ಟರು.

ಹೀಗೆ ಎಂಟು ವರ್ಷದ ಮಗಳಿಗೂ ಆರು ವರ್ಷದ ಮಗನಿಗೂ ಪಾಠ ಹೇಳುವ ಭಾರ ಟೀಚರಮ್ಮನ ಗಂಡನ ತಲೆಗೆ ಬಂತು. ಅವನು ಬಸ್ ನಿಲ್ದಾಣದಲ್ಲಿ ಮೈಕಿನ ಮುಂದೆ ಕೂತು, ಯಾವ ಬಸ್ಸು ಎಲ್ಲಿಗೆ ಎಂದು ಹೇಳುವವನು. ಊರಿಗೆಲ್ಲ ಮೈಕಣ್ಣ.

"ಎರಡು ಮಕ್ಕಳು ತಾನೇ? ದಿನಾ ಸಾವಿರ ಜನರನ್ನ ಸಂಭಾಳಿಸೋನು ನಾನು. ನೀನು ಆರಾಮಾಗಿ ಮಲ್ಕೊ," ಎಂದು ಸೋಮವಾರ ಅವನು ವಾರದ ರಜೆ ಹಾಕಿ ಹೆಂಡತಿಗೆ ಹೇಳಿದ್ದ.

ಟೀಚರಮ್ಮ ಸ್ಟೀಲ್ ಲೋಟಕ್ಕೆ ಚಮಚದಿಂದ ಎರಡು ಸಲ ಬಡಿದಿದ್ದಳು. ಒಂದು ಸಲ ಬಡಿದರೆ ಬೇಡ, ಎರಡು ಸಲ ಬಡಿದರೆ ಸರಿ. ಮನೆಯಲ್ಲಿ ಈಗ ನಡೆಯುತ್ತಿದ್ದ ಭಾಷೆ ಅದು. ಮಂಗಳವಾರ ಅವಳು ಒಬ್ಬಳೇ ಡಾಕ್ಟರ ಹತ್ತಿರ ಹೋಗಿ ಬಂದು, ಗಂಟಲ ಮೇಲೆ ಕೈಯಿಟ್ಟು, ಇನ್ನೂ ಇಲ್ಲ ಎಂಬಂತೆ ತಲೆಯಾಡಿಸಿ, ಒಳಕೋಣೆಯ ಮಂಚಕ್ಕೆ ಮರಳಿದ್ದಳು.

ಶುಕ್ರವಾರದ ಹೊತ್ತಿಗೆ ಮೈಕಣ್ಣನ ದನಿ ಅರ್ಧಕ್ಕೆ ಇಳಿದಿತ್ತು. ಎದೆಯಲ್ಲಿ ಅಳುಕು ಹುಟ್ಟಿದ್ದು ಆಗ. ಯಾಕೆಂದರೆ ಶನಿವಾರ ನಿಲ್ದಾಣದಲ್ಲಿ ರೆಕಾರ್ಡಿಂಗ್. ಇನ್ನು ಮುಂದೆ ದಿನವಿಡೀ ಕೂಗಬೇಕಾಗಿಲ್ಲ. ಗುಂಡಿ ಒತ್ತಿದರೆ ಮೊದಲೇ ತುಂಬಿಟ್ಟ ದನಿ ತಾನೇ ಹೊರಡುತ್ತದೆ. ಆ ದನಿ ಯಾರದು ಎಂಬ ಬಗ್ಗೆ ಯಾರಿಗೂ ಅನುಮಾನವಿರಲಿಲ್ಲ. ತಾನು ನಿವೃತ್ತನಾದ ಮೇಲೂ ತನ್ನ ದನಿ ಅಲ್ಲೇ ನೌಕರಿಯಲ್ಲಿರುತ್ತದೆ ಎಂದು ಮೈಕಣ್ಣ ಕಂಡಕಂಡವರಿಗೆಲ್ಲ ಹೇಳಿಕೊಂಡಿದ್ದ.

"ಇವತ್ತು ಮೆತ್ತಗೆ ಪಾಠ," ಎಂದು ಅವನು ಶುರು ಮಾಡಿದ. "ಗಮನವಿಟ್ಟು ಕೇಳಿ. ಬಸ್ಸಿನಲ್ಲಿ ನಲವತ್ತು ಜನ. ಹನ್ನೆರಡು ಜನ ಇಳಿದರು. ಉಳಿದವರೆಷ್ಟು?"

"ಡ್ರೈವರನ್ನ ಸೇರಿಸಿಯಾ, ಬಿಟ್ಟಾ?" ಎಂದ ಮಗ.

"ಹತ್ತಿದವರೆಷ್ಟು ಅಂತ ಹೇಳಲೇ ಇಲ್ವಲ್ಲಪ್ಪ," ಎಂದಳು ಮಗಳು. "ಯಾವ ಬಸ್ಸಲ್ಲಿ ಬರೀ ಇಳೀತಾರೆ?"

"ಭೇಷ್!" ಎಂಬ ದನಿ ಬಾಗಿಲಿಂದ ಬಂತು. ಮಹಡಿ ಮನೆಯ ಮ್ಯಾನೇಜರು. ಬ್ಯಾಂಕಿನಿಂದ ನಿವೃತ್ತರಾದ ಮೇಲೆ ತಪಾಸಣೆ ಮಾಡಲು ಏನೂ ಸಿಗದೆ ಸೊರಗಿದ್ದವರು, ಈ ವಾರ ಮೈಕಣ್ಣನ ಶಾಲೆ ಸಿಕ್ಕಿದ ಮೇಲೆ ಮತ್ತೆ ಮೈಕೈ ತುಂಬಿಕೊಂಡಿದ್ದರು. "ಪ್ರಶ್ನೆಯೇ ಸರಿ ಇಲ್ಲವಲ್ಲಪ್ಪಾ ಮೈಕಣ್ಣ. ಮಕ್ಕಳನ್ನ ಯಾಕೆ ಬೈತೀಯ?"

"ನಾನೆಲ್ಲಿ ಬೈದೆ ಅಂಕಲ್?"

"ಮುಖದಲ್ಲೇ ಇದೆ."

ಲೆಕ್ಕ ಬಿಟ್ಟು ಮೈಕಣ್ಣ ವಿಜ್ಞಾನಕ್ಕೆ ಹಾರಿದ. ಯಾವುದು ತೇಲುತ್ತೆ, ಯಾವುದು ಮುಳುಗುತ್ತೆ? ಒಂದು ಬಕೆಟ್ ನೀರು ತಂದಿಟ್ಟ. ಬಾಟಲಿಯ ಮುಚ್ಚಳ ತೇಲಿತು. ಬೀಗದ ಕೈ ಮುಳುಗಿತು. ಮಕ್ಕಳ ಕೇಕೆ ಮುಗಿಲು ಮುಟ್ಟಿತು. ಮ್ಯಾನೇಜರು ಮುಖ ಕಿವುಚಿ, ಕಿವಿಯ ಮಿಷನ್ ತೆಗೆದು ಮೇಜಿನ ಮೇಲಿಟ್ಟು, ಪೇಪರು ಬಿಡಿಸಿದರು.

"ಅಪ್ಪಾ," ಎಂದ ಮಗ ಸ್ವಲ್ಪ ಹೊತ್ತಿನ ನಂತರ. "ತಾತನ ಕಿವಿ ಮುಳುಗುತ್ತೆ."

ಮೈಕಣ್ಣ ಬಕೆಟ್ಟಿಗೆ ಕೈ ಹಾಕುವಷ್ಟರಲ್ಲಿ ಮಿಷನ್ ಒಂದು ಕೊನೆಯ ಗುಳ್ಳೆ ಬಿಟ್ಟು ತಣ್ಣಗಾಗಿತ್ತು.

"ಅಂಕಲ್, ನಿಮ್ಮ ಮಿಷನ್ ನೀರಿಗೆ ಬಿತ್ತು!"

"ಆಂ?"

"ಮಿಷನ್! ನೀರಿಗೆ!"

"ಜೋರಾಗಿ ಹೇಳಪ್ಪಾ, ಮಿಷನ್ ಹಾಕ್ಕೊಂಡಿಲ್ಲ ನಾನು. ತಾಳು, ಹಾಕ್ಕೋತೀನಿ. ಎಲ್ಲಿಟ್ಟೆ?"

ಎಲ್ಲಿದೆ ಎಂದು ಹೇಳಬೇಕಾದರೆ ಅವರಿಗೆ ಕೇಳಿಸಬೇಕು. ಕೇಳಿಸಬೇಕಾದರೆ ಮಿಷನ್ ಬೇಕು. ಮೈಕಣ್ಣ ಅವರ ಕಿವಿಗೆ ಬಾಯಿ ಹಚ್ಚಿ ಕೂಗಿದ. ಬೀದಿಯಲ್ಲಿ ಹೋಗುತ್ತಿದ್ದ ಆಟೋ ತನ್ನನ್ನೇ ಕರೆದರೆಂದು ನಿಂತಿತು. ಮ್ಯಾನೇಜರು ಮೇಜಿನ ಕೆಳಗೆ ತಡಕಾಡುತ್ತಲೇ ಇದ್ದರು. ಅವನು ಹೊಟ್ಟೆಯಲ್ಲಿದ್ದ ಉಸಿರನ್ನೆಲ್ಲ ಒಟ್ಟುಗೂಡಿಸಿ ಇನ್ನೊಮ್ಮೆ ಕೂಗಿದ. ಗಂಟಲಲ್ಲಿ ಏನೋ ಕಿತ್ತು ಬಂದಂತಾಯಿತು. ಆಮೇಲೆ ಬಂದದ್ದು ಪಂಕ್ಚರಾದ ಟೈರಿನ ಗಾಳಿ ಮಾತ್ರ.

ಮಗಳು ಸುಮ್ಮನೆ ಎದ್ದು ಹೋಗಿ ಬಕೆಟ್ಟಿನತ್ತ ಬೆರಳು ತೋರಿಸಿದಳು.

"ಅಯ್ಯೋ!" ಎಂದರು ಮ್ಯಾನೇಜರು. "ಹೀಗೆ ಕೈ ತೋರಿಸಿದ್ರೆ ಆಗ್ತಿತ್ತಲ್ಲ. ಅಷ್ಟು ಹೊತ್ತು ಯಾಕಪ್ಪಾ ಬಾಯಿ ಬಾಯಿ ಬಿಡ್ತಿದ್ದೆ?"

ಮೈಕಣ್ಣ ಚಪ್ಪಲಿ ಮೆಟ್ಟಿ ಡಾಕ್ಟರ ಬಳಿ ಓಡಿದ. ಡಾಕ್ಟರು ಬಾಯಿ ತೆರೆಸಿ, ಟಾರ್ಚ್ ಬಿಟ್ಟು ನೋಡಿ, "ಒಂದು ವಾರ ಮೌನ. ಪಿಸುಮಾತು ಕೂಡ ಬೇಡ," ಎಂದರು. "ನಿಮ್ಮ ಮನೆಯವರನ್ನ ನೋಡಿ ಕಲೀರಿ. ಹೇಳಿದ ಹಾಗೆ ಕೇಳಿದ್ರು, ಮಂಗಳವಾರಕ್ಕೇ ಪೂರ್ತಿ ಗುಣ. ಇನ್ನು ಧಾರಾಳವಾಗಿ ಮಾತಾಡಿ ಅಂತ ಹೇಳಿ ಕಳಿಸಿದ್ದೆ. ಈಗ ಚೆನ್ನಾಗಿ ಮಾತಾಡ್ತಿದಾರಾ?"

ಮೈಕಣ್ಣನ ಬಾಯಿ ತೆರೆದದ್ದು ತೆರೆದೇ ಇತ್ತು.

ಮನೆಗೆ ಬರುವ ದಾರಿಯುದ್ದಕ್ಕೂ ಅವನು ಹೆಂಡತಿಗೆ ಹೇಳಬೇಕಾದ ಮಾತುಗಳನ್ನೆಲ್ಲ ಜೋಡಿಸಿಕೊಂಡ. ಮದುವೆಯಾದಾಗಿನಿಂದ ಅಂಥ ಒಳ್ಳೆಯ ಮಾತುಗಳು ಅವನಿಗೆ ಹೊಳೆದಿರಲಿಲ್ಲ, ಒಂದನ್ನೂ ಆಡುವಂತಿರಲಿಲ್ಲ. ಒಳಗೆ ನುಗ್ಗಿ ಮಗನ ಸ್ಲೇಟು ಕಿತ್ತುಕೊಂಡು ಗೀಚಿದ: "ಮಂಗಳವಾರ! ಡಾಕ್ಟರು ಎಲ್ಲ ಹೇಳಿದರು. ನನ್ನ ದನಿ ಹೋಯಿತು. ನಿಲ್ದಾಣದ ಸಾಹೇಬರಿಗೆ ಫೋನ್ ಮಾಡಿ ರೆಕಾರ್ಡಿಂಗ್ ಮುಂದಕ್ಕೆ ಹಾಕಿಸು."

"ಅಪ್ಪಾ, ಅಕ್ಷರ ದುಂಡಗಿರಬೇಕು," ಎಂದಳು ಮಗಳು.

ಟೀಚರಮ್ಮ ಮಂಚದ ಮೇಲಿಂದಲೇ ಸ್ಲೇಟು ಓದಿದಳು. ಎದ್ದು ಕೂತು ಸೆರಗು ಸರಿಪಡಿಸಿಕೊಂಡಳು.

"ಹನ್ನೊಂದು ವರ್ಷದಿಂದ ಶಾಲೇಲೂ ಕೂಗ್ತೀನಿ, ಮನೇಲೂ ಕೂಗ್ತೀನಿ ರೀ. ನಾಲ್ಕು ದಿನ ಸುಮ್ಮನಿದ್ದು ನೋಡೋಣ ಅನ್ನಿಸ್ತು. ತಪ್ಪಾ?" ಎಂದಳು.

ವಾರವಿಡೀ ವಿಶ್ರಾಂತಿ ಪಡೆದ ದನಿ ಅದು. ಆಗ ತಾನೆ ತೊಳೆದಿಟ್ಟ ಗಾಜಿನಂತಿತ್ತು. ಮಕ್ಕಳು ಬಾಯಿ ಮುಚ್ಚಿ, ಯಾರೂ ಹೇಳದೆಯೇ ಕೈ ಕಟ್ಟಿ ಕೂತರು.

ಅವಳು ಫೋನ್ ಹಚ್ಚಿ, ಎಲ್ಲರಿಗೂ ಕೇಳುವಂತೆ ಸ್ಪೀಕರಿಗೆ ಹಾಕಿ, ಸಾಹೇಬರ ಮುಂದೆ ಗಂಡನ ಕಷ್ಟವನ್ನು ಬಿಡಿಸಿ ಬಿಡಿಸಿ ಹೇಳಿದಳು. ಅವಳ ಮೇಲೆ ಸುಳ್ಳು ಹೊರಿಸಬಾರದು ನೋಡಿ, ಮನಸ್ಸಿಟ್ಟೇ ಬೇಡಿಕೊಂಡಳು.

"ಮುಂದಕ್ಕೆ ಹಾಕೋಕೆ ಆಗಲ್ಲಮ್ಮ, ಸ್ಟುಡಿಯೋದವರು ಬಂದು ಕೂತಿದಾರೆ," ಎಂದರು ಸಾಹೇಬರು. "ಅದಿರಲಿ, ‘ಪ್ರಯಾಣಿಕರು ದಯವಿಟ್ಟು ಗಮನಿಸಿ’ ಅಂತ ಒಂದು ಸಲ ಹೇಳಿ ನೋಡೋಣ?"

ಹೇಳಿದಳು. ಪಡಸಾಲೆಯಲ್ಲಿ ಇನ್ನೂ ಕೂತಿದ್ದ, ಕಿವಿಯೇ ಕೇಳಿಸದ ಮ್ಯಾನೇಜರು ಕೂಡ ತಲೆಯೆತ್ತಿ ನೋಡಿದರು.

"ನಾಳೆ ನೀವೇ ಬಂದುಬಿಡಿ!"

ಟೀಚರಮ್ಮ ಗಂಡನ ಕಡೆ ತಿರುಗಿದಳು. "ಏನ್ರೀ, ಹೋಗ್ಲಾ?"

ಮಗಳು ಲೋಟ, ಚಮಚ ತಂದು ಅಪ್ಪನ ಮುಂದಿಟ್ಟಳು. ಮೈಕಣ್ಣ ಚಮಚ ಎತ್ತಿ, ಮೈಯಲ್ಲಿದ್ದ ಶಕ್ತಿಯನ್ನೆಲ್ಲ ಹಾಕಿ, ಒಂದೇ ಒಂದು ಸಲ ಬಡಿದ. ಠಣ್!

ವಾರದಿಂದ ಆ ಲೋಟದ ಮೇಲೆ ಆಸೆಗಣ್ಣು ಇಟ್ಟಿದ್ದ ಮಗ, "ನಾನೂ!" ಎಂದು ಪೆನ್ಸಿಲಿನಿಂದ ಇನ್ನೊಂದು ಬಡಿದ. ಠಣ್!

"ಒಪ್ಪಿಗೆಯಂತೆ ಸರ್," ಎಂದಳು ಟೀಚರಮ್ಮ ಫೋನಿಗೆ.

ಈಗ ನಿಲ್ದಾಣದಲ್ಲಿ ಗುಂಡಿ ಒತ್ತುವುದು ಮೈಕಣ್ಣನ ಕೆಲಸ. "ತಳ್ಳಾಡಬೇಡಿ, ಸಾಲಾಗಿ ನಿಲ್ಲಿ" ಎಂದು ಮೇಲಿನಿಂದ ಹೆಂಡತಿಯ ದನಿ ಮೊಳಗಿದ ಕೂಡಲೇ, ಪ್ರಯಾಣಿಕರು ಇನ್ನೂ ಆ ಕಡೆ ಈ ಕಡೆ ನೋಡುತ್ತಿರುವಾಗಲೇ, ಕುರ್ಚಿ ಬಿಟ್ಟು ಎದ್ದು ನೆಟ್ಟಗೆ ನಿಲ್ಲುವವನು ಅವನೇ.