ಕಂಠಪ್ಪನವರ ನಶ್ಯಕ್ಕೊಂದು ಮುಖ

ಕಂಠಪ್ಪನವರ ನಶ್ಯಕ್ಕೆ ಒಂದು ಮುಖ ಬೇಕಾಗಿತ್ತು. ಹುಣಸೂರಿನ ನಜೀರನ ತಾಪತ್ರಯವೆಲ್ಲ ಶುರುವಾದದ್ದು ಅಲ್ಲಿಂದ.

ನಶ್ಯಕ್ಕೆ ಮೂಗಿದ್ದರೆ ಸಾಲದೆ, ಮುಖ ಯಾಕೆ ಎಂದು ನೀವು ಕೇಳಬಹುದು. ಕಂಠಪ್ಪನವರು ಮೈಸೂರಿಗೆ ಹೋಗಿ ಟಾಕೀಸಿನಲ್ಲಿ ಕೂತು ಬಂದವರು. ಅಲ್ಲಿ ರೀಲು ಬದಲಾಯಿಸುವ ಹೊತ್ತಿಗೆ ಪರದೆಯ ಮೇಲೆ ಸೋಪಿನ ಜಾಹೀರಾತು ಬರೆದ ಗಾಜಿನ ಪಟ ಬಿಟ್ಟಿದ್ದರು.

"ಪಟದಲ್ಲಿದ್ದೋನು ನಗ್ತಾ ಇದ್ದ ಕಣೋ, ನಾನೂ ನಕ್ಬುಟ್ಟೆ. ಈಚೆ ಬಂದು ನೋಡ್ಕೋತೀನಿ, ಕೈಯಲ್ಲಿ ಸೋಪು," ಎಂದು ಅವರು ನಜೀರನಿಗೆ ಹೇಳಿದ್ದರು. "ಜನ ನಶ್ಯ ಮರೀತಾರೆ, ಮನುಷ್ಯನ್ನ ಮರೆಯಲ್ಲ. ನಂಗೆ ಒಬ್ಬ ಮನುಷ್ಯನ್ನ ಮಾಡ್ಕೊಡು."

ನಜೀರ ಬೋರ್ಡು ಬರೆಯುವವನು. ಹಾಗೆನ್ನುವುದು ಸ್ವಲ್ಪ ದೊಡ್ಡ ಮಾತೇ ಆಯಿತು. ಅವನು ಹೆಚ್ಚಾಗಿ ಬರೆಯುತ್ತಿದ್ದದ್ದು ಎತ್ತಿನಗಾಡಿಗಳ ನಂಬರು. ಮಗ ಅಂಕಿಗಳಲ್ಲೇ ಮುದುಕನಾಗುತ್ತಾನೆಂದು ತಾಯಿ ಗುಲ್ಜಾರ್ ಬೀ ಕೃಷ್ಣರಾಜನಗರದಲ್ಲಿ ಸುಣ್ಣದ ಗೂಡು ಇಟ್ಟಿದ್ದ ತನ್ನ ತಮ್ಮನಿಗೆ ಹೇಳಿಕಳಿಸಿದ್ದಳು. ನಾಳೆ ಬೆಳಿಗ್ಗೆ ನಜೀರನನ್ನು ಕರೆದೊಯ್ಯಲು ಮಾವನ ಗಾಡಿ ಬರುವುದಿತ್ತು. ಕಂಠಪ್ಪನವರ ಮಾತು ಇಷ್ಟು: ಇವತ್ತು ಸಾಯಂಕಾಲ ಪಿರಿಯಾಪಟ್ಟಣದ ಟೆಂಟು ಸಿನಿಮಾದಲ್ಲಿ ಪಟ ಗೆದ್ದರೆ ನಾಲ್ಕು ತಾಲ್ಲೂಕಿನ ಪಟ, ಬೋರ್ಡು ಎಲ್ಲ ನಜೀರನದೇ. ಸೋತರೆ ಅವನ ಪಾಲಿಗೆ ಸುಣ್ಣ.

ಪಿರಿಯಾಪಟ್ಟಣವನ್ನೇ ಆರಿಸಿದ್ದಕ್ಕೆ ಕಾರಣವಿತ್ತು. ಅಲ್ಲೊಬ್ಬ ನಶ್ಯದ ವ್ಯಾಪಾರಿ ಇದ್ದ. ಕಂಠಪ್ಪನವರ ಅಂಗಡಿಯಲ್ಲಿ ಅವನ ಹೆಸರೆತ್ತುವ ಹಾಗಿರಲಿಲ್ಲ, 'ಆ ಊರೋನು' ಎನ್ನಬೇಕು. ಆ ಊರೋನನ್ನು ಅವನ ಊರಲ್ಲೇ ಮಣ್ಣುಮುಕ್ಕಿಸಬೇಕೆಂಬುದು ಕಂಠಪ್ಪನವರ ಹಟ. ನಜೀರ ಅವನನ್ನು ಕಂಡವನೇ ಅಲ್ಲ. ನಶ್ಯದ ಗಾಳಿ ಸೋಕಿದರೆ ಸಾಕು, ನಜೀರನಿಗೆ ಕಣ್ಣುಮೂಗೆಲ್ಲ ಒಂದಾಗುತ್ತಿತ್ತು. ಹಾಗಾಗಿ ಅಂಥ ಅಂಗಡಿಗಳ ದಾರಿಯನ್ನೇ ಅವನು ಹಿಡಿಯುತ್ತಿರಲಿಲ್ಲ.

ಇವತ್ತು ಬೆಳಿಗ್ಗೆ ಅವನು ಪಟ ತಂದು ಅಂಗಡಿಯ ಜಗಲಿಯಲ್ಲಿ ಬಿಚ್ಚಿದ. ಒಂದರ ಮೇಲೊಂದು ಎರಡು ಗಾಜು. ಕೆಳಗಿನದರಲ್ಲಿ ಮೈ, ಮೇಲಿನದರಲ್ಲಿ ತಲೆ ಮತ್ತು ಕೈ. ಪಕ್ಕದ ಪಟ್ಟಿ ಎಳೆದರೆ ಕೈ ಮೂಗಿಗೆ ಹೋಗುತ್ತದೆ, ಇನ್ನೂ ಎಳೆದರೆ ತಲೆ ಹಿಂದಕ್ಕೆ ವಾಲಿ ಆಸಾಮಿ ಸೀನುತ್ತಾನೆ. ಆಸಾಮಿಯ ಹೆಸರು ಸೀನಪ್ಪ. ಗರಡಿಯ ಪೈಲ್ವಾನನ ಹಾಗೆ ತೆಳು ಸೊಂಟ, ಗಿರಿಜಾ ಮೀಸೆ, ಹಣೆಯ ಮೇಲೆ ಗುಂಗುರು ಕೂದಲು. ನಜೀರ ಅವನನ್ನು ಬರೆಯಲು ನಿದ್ದೆಗೆಟ್ಟಿದ್ದ. ಸೀನಪ್ಪನ ಮೇಲೆ ಅವನಿಗೆ ಸ್ವಂತ ತಮ್ಮನ ಮೇಲಿನಷ್ಟು ಪ್ರೀತಿ ಹುಟ್ಟಿತ್ತು.

ಗುಮಾಸ್ತ ಗೋವಿಂದಯ್ಯ ಕನ್ನಡಕ ಮೇಲೇರಿಸಿ ನೋಡಿದರು.

"ಇವನಿಗೆ ಹೊಟ್ಟೆಯೇ ಇಲ್ಲವಲ್ಲಯ್ಯ."

"ಪೈಲ್ವಾನ ಅಲ್ವಾ ಸ್ವಾಮಿ?"

"ಪೈಲ್ವಾನ ನಶ್ಯ ಹಾಕ್ತಾನೇನು? ನಶ್ಯದವನಿಗೆ ಹೊಟ್ಟೆ ಬೇಕು. ಡಬ್ಬಿ ಇಟ್ಟರೆ ಜಾರದೆ ನಿಲ್ಲಬೇಕು. ಗದ್ದ ಎರಡು ಮಡಿಕೆ ಇರಲಿ."

ನಜೀರ ಟರ್ಪೆಂಟೈನಿನಲ್ಲಿ ಬಟ್ಟೆ ಅದ್ದಿ ಸೊಂಟವನ್ನು ಒರೆಸಿ ಹೊಟ್ಟೆ ಬರೆದ. ಅಷ್ಟರಲ್ಲಿ ಪಕ್ಕದಂಗಡಿಯ ದರ್ಜಿ ಅಹಮದ್ ಪಾಷಾ ಕೊರಳಲ್ಲಿ ಅಳತೆ ಟೇಪು ಹಾಕಿಕೊಂಡೇ ಬಂದ. ಕರೆಯದೆ ಬರುವುದರಲ್ಲಿ ಅವನನ್ನು ಮೀರಿಸುವವರು ಆ ಬೀದಿಯಲ್ಲಿರಲಿಲ್ಲ.

"ಮೀಸೆ ತೆಗ್ದಾಕೋ ನಜೀರ್. ನಶ್ಯ ಎಲ್ಲ ಮೀಸೆಗೇ ಹೋದ್ರೆ ಮೂಗಿಗೇನು? ತಲೆ ಬೋಳಿರ್ಲಿ. ಕೂದ್ಲು ಬೇಕಂದ್ರೆ ಕಿವಿ ಮ್ಯಾಲೆ ಹಾಕು."

"ಕಿವಿ ಮ್ಯಾಲೆ ಯಾಕೆ ಚಾಚಾ?"

"ಅಂಗೇ ಇರ್ತದೆ, ಹಾಕು."

ಮೀಸೆ ಹೋಯಿತು, ಗುಂಗುರು ಕೂದಲೂ ಹೋಯಿತು. ಕಾಫಿ ತಂದ ಕಂಠಪ್ಪನವರ ಹೆಂಡತಿ ಸರ್ವಮಂಗಳಮ್ಮ ಲೋಟ ಕೆಳಗಿಟ್ಟು ಬಗ್ಗಿ ನೋಡಿದರು.

"ಪಾಪ, ಬಡವನಂಗೆ ಕಾಣ್ತಾನೆ ಕಣಪ್ಪ. ಕಿವಿಗೊಂದು ಕೆಂಪು ಹರಳಿನ ಒಂಟಿ ಹಾಕು. ನಗೋವಾಗ ಚಿನ್ನದ ಹಲ್ಲು ಕಾಣ್ಲಿ. ಬಲಗಡೆ."

"ಬಲಗಡೇನೇ ಯಾಕಮ್ಮ?"

"ಎಡಗಡೆ ಆದ್ರೆ ಅವನಂಗೆ ಇರಲ್ಲ."

ಯಾರ ಹಾಗೆ ಎಂದು ನಜೀರ ಕೇಳಬೇಕಿತ್ತು. ಆದರೆ ಅವನಿಗೆ ಆಗಲೇ ಅಳು ಬರುವಂತಾಗಿತ್ತು, ಬಾಯಿ ತೆರೆದರೆ ಅದೇ ಹೊರಬಂದೀತೆಂದು ಸುಮ್ಮನೆ ಒಂಟಿ ಬರೆದ. ತಮ್ಮನಂತಿದ್ದ ಸೀನಪ್ಪ ಈಗ ಯಾರದೋ ಸೋದರಮಾವನಾಗಿ ಕೂತಿದ್ದ.

ಕೊನೆಗೆ ಕಂಠಪ್ಪನವರು ಪೂಜೆ ಮುಗಿಸಿ, ವಿಭೂತಿ ಒಣಗುವ ಮೊದಲೇ ಬಂದರು.

"ಮುಖ ಸರಿಹೋಯ್ತು. ನಶ್ಯ ಹಾಕೋ ವರಸೆ ಸರಿಯಿಲ್ಲ. ಕಿರುಬೆರಳು ನೆಟ್ಟಗೆ ನಿಲ್ಬೇಕು. ಎಡಗಣ್ಣು ಮುಚ್ಬೇಕು. ಏರಿಸಿ ಆದ್ಮೇಲೆ ಒಂದ್ಗಳಿಗೆ ಸೂರು ನೋಡ್ಬೇಕು. ಆಮೇಲೆ ಸೀನು. ಸೀನಿ ತೊಡೆ ತಟ್ಕೋಬೇಕು." ಅವರು ತಾವೇ ಮಾಡಿ ತೋರಿಸಿದರು. ತೋರಿಸುವಾಗ ಅವರ ಮುಖದಲ್ಲಿ ಎಂಥ ಸುಖವಿತ್ತೆಂದರೆ, ಗಿರಾಕಿಗಳೂ ಅವರನ್ನು ಹಾಗೆ ಕಂಡಿರಲಿಕ್ಕಿಲ್ಲ.

ನಜೀರ ಅದನ್ನೂ ಬರೆದು ಪಟ್ಟಿ ಎಳೆದ. ನಾಲ್ವರೂ ಸುತ್ತ ನಿಂತು, ಊರಿಂದ ಬಂದ ನೆಂಟನನ್ನು ನೋಡುವಂತೆ ನೋಡಿದರು.

"ಈಗ ನೋಡು," ಎಂದರು ಕಂಠಪ್ಪನವರು. "ನಮ್ಮೋನೇ ಅನ್ನಿಸ್ತಾನೆ."

ಮಧ್ಯಾಹ್ನ ಕಂಠಪ್ಪನವರೂ ನಜೀರನೂ ಪಿರಿಯಾಪಟ್ಟಣದ ಬಸ್ಸು ಹತ್ತಿದರು. ಸಾಹುಕಾರರು ಡ್ರೈವರನ ಪಕ್ಕದಲ್ಲಿ, ನಜೀರ ಹಿಂದೆ ಮೆಣಸಿನಕಾಯಿ ಮೂಟೆಗಳ ನಡುವೆ. ಬಣ್ಣ ಹಸಿಯಿದ್ದದ್ದರಿಂದ ಗಾಜನ್ನು ಎರಡು ಕೈಯಲ್ಲೂ ಎತ್ತಿ ಹಿಡಿದಿದ್ದ. ರಸ್ತೆಯ ಪ್ರತಿ ಹಳ್ಳಕ್ಕೂ ಸೀನಪ್ಪ ತಾನಾಗಿ ಸೀನುತ್ತಿದ್ದ. ಪಕ್ಕದಲ್ಲಿ ಕೂತಿದ್ದ ಚಿಕ್ಕಸಿದ್ದಮ್ಮ ಎಂಬ ಪಿರಿಯಾಪಟ್ಟಣದ ಮುದುಕಿ ಬಹಳ ಹೊತ್ತು ಅವನನ್ನೇ ನೋಡಿದಳು.

"ಎಲ್ಲ ಸರಿ ಮಾಡಿದ್ದೀಯ. ಮೂಗಿನ ಪಕ್ಕ ನರೂಲಿ ಯಾಕ್ ಬುಟ್ಟೆ?" ಎಂದು ಅವಳು ಎಲೆಯಡಿಕೆ ಹಾಕಿದ ಬೆರಳನ್ನೇ ಗಾಜಿಗೊತ್ತಿದಳು. ಒಂದು ಚುಕ್ಕೆ ಅಲ್ಲೇ ಕೂತಿತು.

ಬೆಳಗಿನಿಂದ ಇಷ್ಟು ಜನರ ಮಾತು ಕೇಳಿದವನಿಗೆ ಇದೊಂದು ಹೆಚ್ಚೇ ಎಂದು ನಜೀರ ಅದನ್ನು ಒರೆಸಲೂ ಹೋಗಲಿಲ್ಲ.

ಟೆಂಟು ತುಂಬಿತ್ತು. ಮುಂದೆ ನೆಲದವರು, ನಡುವೆ ಬೆಂಚಿನವರು, ಹಿಂದೆ ಕುರ್ಚಿಯವರು. ಕಂಠಪ್ಪನವರು ಯಂತ್ರಕ್ಕೆ ಹತ್ತಿರದ ಕುರ್ಚಿಯಲ್ಲಿ ಕೂತು ರುಮಾಲು ಸರಿಮಾಡಿಕೊಂಡರು. ಮೊದಲ ರೀಲುಗಳು ಮುಗಿದವು. ಟೆಂಟಿನ ಯಜಮಾನ ಸನ್ನೆ ಮಾಡಿದ. ನಜೀರ ಬಿಸ್ಮಿಲ್ಲಾ ಎಂದು ಗಾಜನ್ನು ಯಂತ್ರದ ದೀಪದ ಮುಂದಿಟ್ಟ.

ಪರದೆಯ ಮೇಲೆ ಎರಡಾಳು ಎತ್ತರಕ್ಕೆ ಸೀನಪ್ಪ ನಿಂತ. ಅವನ ಕೆಳಗೆ 'ಕಂಠಪ್ಪನವರ ನಶ್ಯ, ಹುಣಸೂರು' ಎಂಬ ಬರವಣಿಗೆ.

ಟೆಂಟು ತಣ್ಣಗಾಯಿತು. ನಜೀರ ಪಟ್ಟಿ ಎಳೆದ. ಕಿರುಬೆರಳು ನೆಟ್ಟಗಾಯಿತು. ಎಡಗಣ್ಣು ಮುಚ್ಚಿತು. ಸೀನಪ್ಪ ಸೂರು ನೋಡಿದ. ಸಾವಿರ ಜನ ಉಸಿರು ಹಿಡಿದು ಅವನ ಜೊತೆ ಸೂರು ನೋಡಿದರು.

ನೆಲದಿಂದ ಒಂದು ದನಿ ಎದ್ದಿತು. "ಲೇ, ನಮ್ ಮಾದೇವಪ್ಪ ಕಣ್ಲಾ."

ಸೀನಪ್ಪ ಸೀನಿದ. ಟೆಂಟು ಒಡೆದುಹೋಯಿತು. ಜನ ನಕ್ಕರು, ಸೀನಿದರು, ತೊಡೆ ತಟ್ಟಿಕೊಂಡರು, ಟವೆಲು ಹಾರಿಸಿದರು. ಒನ್ಸ್ ಮೋರ್ ಎಂಬ ಕೂಗಿಗೆ ಟೆಂಟಿನ ಕಂಬಗಳು ಅಲ್ಲಾಡಿದವು. ಓದು ಬಲ್ಲ ಒಬ್ಬ ಬೆಂಚಿನ ಮೇಲೆ ನಿಂತು, "ಮಾದೇವಪ್ಪನ್ನ ಚೆನ್ನಾಗಿ ಬರ್ದವ್ನೆ, ಹೆಸ್ರು ಮಾತ್ರ ತೆಪ್ ಬರ್ದವ್ನೆ," ಎಂದು ಎಲ್ಲರಿಗೂ ತಿಳಿಸಿದ.

ನಜೀರ ಪಟ್ಟಿಯನ್ನು ಮತ್ತೆ ಎಳೆದ. ಅವನ ಎದೆ ತುಂಬಿಬಂದಿತ್ತು. ಅಂಕಿ ಬರೆಯುವ ತನ್ನ ಕೈ ಒಂದು ಊರನ್ನೇ ನಗಿಸುತ್ತಿದೆ ಎಂಬುದರ ಮುಂದೆ ಆ ಮಾದೇವಪ್ಪ ಯಾರೆಂದು ಕೇಳುವಷ್ಟು ಪುರುಸೊತ್ತು ಅವನಿಗಿರಲಿಲ್ಲ. ಕುರ್ಚಿಗಳ ಸಾಲಿನಿಂದ ಒಬ್ಬರು ಎದ್ದು ಈಚೆ ಬಂದರು. ಬೋಳು ತಲೆ, ಕಿವಿಯ ಮೇಲೆ ಕೂದಲು, ಕೆಂಪು ಹರಳಿನ ಒಂಟಿ, ಎರಡು ಮಡಿಕೆ ಗದ್ದ, ಮೂಗಿನ ಪಕ್ಕ ನರೂಲಿ. ನಕ್ಕಾಗ ಬಲಗಡೆ ಚಿನ್ನದ ಹಲ್ಲು ಮಿನುಗಿತು.

ಆ ಊರೋನು.

ಈಗ ನಜೀರನಿಗೆ ಒಂದೊಂದಾಗಿ ಹೊಳೆಯಿತು. ತಂಬಾಕು ನೋಡಲೆಂದು ಗೋವಿಂದಯ್ಯ ಈ ಊರಿಗೇ ಬರುತ್ತಿದ್ದರು. ಅಹಮದ್ ಪಾಷಾ ದಾರ ಕೊಳ್ಳುವುದು ಇಲ್ಲಿಯ ಸಂತೆಯಲ್ಲಿ. ಸರ್ವಮಂಗಳಮ್ಮನ ತವರೂ ಇದೇ. ಎಲ್ಲರೂ ಕದ್ದು ಇವನ ನಶ್ಯವನ್ನೇ ಏರಿಸುವವರು! ನಶ್ಯ ಎಂದೊಡನೆ ಅವರ ಕಣ್ಣಿಗೆ ಕಟ್ಟುವ ಮುಖ ಇದೊಂದೇ.

ಕಂಠಪ್ಪನವರು ಕೆಂಡವಾಗಿ ಎದ್ದರು. "ಎಲ್ಲಾ ಸೇರಿ ಮೋಸ ಮಾಡವ್ರೆ. ನೀನೂ ಸೇರ್ಕೊಂಡಿದ್ದೀಯ. ನಾಳೆಯಿಂದ ನಮ್ಮಂಗ್ಡಿ ಕಡೆ ತಲೆ ಹಾಕ್ಬ್ಯಾಡ."

"ಸಾವ್ಕಾರ್ರೆ, ನಾನು ಇವ್ರನ್ನ ಕಂಡೋನೇ ಅಲ್ಲ. ಕಿರುಬೆರಳು, ಎಡಗಣ್ಣು ಎಲ್ಲ ನೀವೇ..." ಎನ್ನುತ್ತಾ ನಜೀರ ಮಾತನ್ನು ನಡುವೆಯೇ ನಿಲ್ಲಿಸಿದ. ಕಂಠಪ್ಪನವರು ಸರಿಯಾಗೇ ಇದ್ದ ರುಮಾಲನ್ನು ಮತ್ತೆ ಸರಿಮಾಡಿಕೊಂಡರು.

ಅಷ್ಟರಲ್ಲಿ ಮಾದೇವಪ್ಪ ಕೈಮುಗಿಯುತ್ತ ಹತ್ತಿರ ಬಂದರು. "ಏನ್ ಕಂಠಪ್ಪನೋರೆ, ಈ ವಾರ ಬರ್ಲೇ ಇಲ್ವಲ್ಲ. ಹಿತ್ಲ ಬಾಗ್ಲಲ್ಲಿ ಕಾಯ್ತಾ ಕೂತಿದ್ದೆ. ತಕ್ಕಳಿ, ನಿಮ್ ಡಬ್ಬಿ." ಸೊಂಟದಿಂದ ಒಂದು ಬೆಳ್ಳಿ ಡಬ್ಬಿ ತೆಗೆದು ಅವರ ಅಂಗೈಯಲ್ಲಿಟ್ಟರು.

ನಜೀರ ಅವಕಾಶ ಬಿಡದೆ ಮಾದೇವಪ್ಪನ ಕಡೆ ತಿರುಗಿದ. "ನಿಮಗೆ ನಾಲ್ಕು ತಾಲ್ಲೂಕಿಗೂ ಪಟ ಬರ್ಕೊಡ್ತೀನಿ ಸಾವ್ಕಾರ್ರೆ."

"ಪಟ ಯಾಕಪ್ಪ ಇನ್ನು? ನೀನು ಬರ್ದಾಯ್ತಲ್ಲ," ಎಂದು ಮಾದೇವಪ್ಪ ಅವನ ಬೆನ್ನು ತಟ್ಟಿದರು. "ಇನ್ಮ್ಯಾಲೆ ನಾನು ಸಂತೆಗೆ ಓಗಿ ನಿಂತ್ಕೊಂಡ್ರೆ ಸಾಕು. ನಿನ್ ಕೈ ದೊಡ್ಡದು ಕಣಪ್ಪ."

ಸುಣ್ಣದ ಗಾಡಿ ನಜೀರನಿಗೆ ಖಾತ್ರಿಯಾಯಿತು. ಆದರೆ ದುಃಖಪಡಲು ಟೆಂಟಿನವರು ಬಿಡಬೇಕಲ್ಲ. ನೆಲದವರು ಎದ್ದು ನಿಂತಿದ್ದರು. ಆಟ ಬೇಡ, ಸೀನಪ್ಪನೇ ಬೇಕು ಎಂಬ ಗದ್ದಲ. ರೀಲು ಹಾಕಿದರೆ ಟೆಂಟು ಕೀಳುತ್ತಾರೆಂದು ಯಜಮಾನ ಓಡಿಬಂದು ನಜೀರನಿಗೇ ಕೈಮುಗಿದ. ಟೆಂಟಿನ ಯಜಮಾನ ಒಬ್ಬ ಗಾಡಿ ನಂಬರಿನವನಿಗೆ ಕೈಮುಗಿದದ್ದು ಆ ಸೀಮೆಯಲ್ಲಿ ಅದೇ ಮೊದಲು. ನಜೀರ ಅಂಗಿಯ ತೋಳು ಮಡಿಸಿ, ಅರಮನೆಯ ವಿದ್ವಾಂಸರು ವೀಣೆಗೆ ಕೈಯಿಡುವ ಗತ್ತಿನಲ್ಲಿ ಪಟ್ಟಿಗೆ ಕೈಯಿಟ್ಟ.

ಟೆಂಟಿನ ದೀಪ ಆರಿತು. ಕಿರುಬೆರಳು ಎದ್ದಿತು. ಎಡಗಣ್ಣು ಮುಚ್ಚಿತು. ಸೀನಪ್ಪ ಸೂರು ನೋಡಿದ. ಜನ ಜೊತೆಗೆ ಸೀನಲು ಸಿದ್ಧರಾಗಿ ಮೂಗು ಹಿಡಿದು ಕಾದರು.

ಪರದೆಯ ಮೇಲಿನವನು ಸೀನುವ ಮೊದಲೇ, ಕತ್ತಲಲ್ಲಿ ಕಂಠಪ್ಪನವರ ಕುರ್ಚಿಯಿಂದ ಟೆಂಟು ನಡುಗುವಂಥ ಒಂದು ಸೀನು ಬಂತು. ಹಿಂದೆಯೇ ತೊಡೆ ತಟ್ಟಿಕೊಂಡ ಸದ್ದೂ ಕೇಳಿಸಿತು. ಪಟಕ್ಕೆ ಮಾತೂ ಬಂತೆಂದು ತಿಳಿದು ಪಿರಿಯಾಪಟ್ಟಣವೆಲ್ಲ ಎದ್ದು ನಿಂತು ನಜೀರನಿಗೆ ಚಪ್ಪಾಳೆ ಹೊಡೆಯಿತು.