ಊಟಕ್ಕೆ ಮುಂಚೆ ಒಂದು ಕೊಲೆ

ನಾನು ಸಾಹಸಕ್ಕೆ ಹೋಗುವವನೇ ಅಲ್ಲ. ಆದರೂ ಮಸ್ಕತ್ತಿನಲ್ಲಿದ್ದಷ್ಟು ವರ್ಷ ಇಂಥವು ನನ್ನನ್ನು ಹುಡುಕಿಕೊಂಡೇ ಬರುತ್ತಿದ್ದವು. ಅಲ್ಲಿನ ಖುರುಮ್ ಬಡಾವಣೆಯ ಒಂದು ಆಫೀಸಿನಲ್ಲಿ ಮನೆಗಳ ನಕ್ಷೆ ಬರೆಯುವ ಡ್ರಾಫ್ಟ್ಸ್‌ಮನ್ ನಾನು. ಹನ್ನೊಂದನೇ ಕ್ಲಾಸಿನ ಮಗಳು ಗೆಳತಿಯರೊಂದಿಗೆ ಒಂದು ಪುಟ್ಟ ಥ್ರಿಲ್ಲರ್ ಸಿನಿಮಾ ಮಾಡಲು ಹೊರಟಳು. ಅದರ ಟೈಟಲ್ ಭಾಗದ ಸ್ಟೋರಿಬೋರ್ಡ್, ಅಂದರೆ ಯಾವ ದೃಶ್ಯದ ನಂತರ ಯಾವುದು ಎಂದು ಚೌಕ ಚೌಕವಾಗಿ ಬರೆದು ತೋರಿಸುವ ಕೆಲಸ, ನನ್ನ ತಲೆಗೆ ಬಿತ್ತು.

ಕನ್ನಡ ಸಂಘದ ಕಾರ್ಯಕ್ರಮದಲ್ಲಿ ಕಾರ್ಯದರ್ಶಿ ಈ ಸಿನಿಮಾಕ್ಕೆ ಕೊಟ್ಟದ್ದು ಊಟಕ್ಕೆ ಮುಂಚಿನ ಹೊತ್ತು. "ಟೈಟಲ್ ಮುಗಿಯುವಷ್ಟರಲ್ಲಿ ಜನ ಎದ್ದು ಊಟಕ್ಕೆ ಹೋದರೆ ಪ್ರೊಜೆಕ್ಟರ್ ಆಫ್ ಮಾಡ್ತೇನೆ," ಎಂದು ಮೊದಲೇ ಹೇಳಿಬಿಟ್ಟರು. ಮಗಳ ನಿದ್ದೆ ಹಾರಿತು. ಅವಳ ಮುಖ ನೋಡಿ ನನ್ನದೂ ಹಾರಿತು.

೧. ಹೆದರಿಕೆಯ ಅಳತೆ

ಕಥೆ ಇಷ್ಟೇ. ಎಲ್ಲರಿಗೂ ಬೇಕಾದ ಒಬ್ಬ ಮಾವ ನಗುನಗುತ್ತಾ ಮನೆಮಂದಿಗೆ ಚಹಾ ಕೊಡುತ್ತಾರೆ. ಅದಕ್ಕೆ ವಿಷ ಹಾಕಿದವರು ಅವರೇ ಎಂದು ಗೊತ್ತಾಗುವುದು ಕೊನೆಗೆ. ಟೈಟಲಿನಲ್ಲಿ ಅಡುಗೆಮನೆಯ ಹಿಂಬಾಗಿಲು ಮೆಲ್ಲಗೆ ತೆರೆಯಬೇಕು, ಒಂದು ಕೈ ಬರಬೇಕು, ಲೋಟಕ್ಕೆ ಒಂದು ತೊಟ್ಟು ಬೀಳಬೇಕು. ಕೈ ಯಾರದೆಂದು ಕಾಣಬಾರದು.

ಮೊದಲ ಚೌಕ ಬರೆದು ತೋರಿಸಿದೆ.

"ಪಪ್ಪ, ಬಾಗಿಲ ಮೇಲೆ ಇದೇನು ನಂಬರು?"

"ಅಗಲ, ಎತ್ತರ. ಅಳತೆ ಇಲ್ಲದೆ ಬಾಗಿಲು ಬರೀಲಿಕ್ಕೆ ಆಗ್ತದಾ?"

"ಕೊಲೆಗಾರ ಎಲ್ಲಿ?"

"ಬಾಗಿಲ ಹಿಂದೆ. ಮುಚ್ಚಿದ ಬಾಗಿಲಲ್ಲಿ ಹೇಗೆ ಕಾಣ್ತಾನೆ? ಮೇಲಿನಿಂದ ನೋಡಿದ ಪ್ಲಾನ್ ಬೇರೆ ಉಂಟು, ಅದರಲ್ಲಿ ನಿಂತಿದ್ದಾನೆ."

"ಪಪ್ಪ, ಇಟ್ ಶುಡ್ ಬಿ ಸ್ಕೇರಿ."

ನನಗೆ ರೇಗಿತು. ಅಷ್ಟರಲ್ಲಿ ಹೆಂಡತಿ ಹಾಳೆ ತೆಗೆದು ನೋಡಿದಳು. "ಸಿಂಕಿಗೆ ತಾಗಿಸಿ ಸ್ಟವ್ ಇಟ್ಟಿದ್ದೀರಿ. ನನಗಂತೂ ಹೆದರಿಕೆ ಆಯ್ತು."

೨. ಹಿಂಬಾಗಿಲು

ಆಮೇಲೆ ಹಟ ಹಿಡಿದು ಕೂತೆ. ಅಳತೆ ಅಳಿಸಿದೆ, ನೆರಳು ತುಂಬಿದೆ. ಆಫೀಸಿನಲ್ಲೂ ಊಟದ ಬಿಡುವಿನಲ್ಲಿ ಅದೇ ಕೆಲಸ. ಒಂದು ಶನಿವಾರ, ಅಲ್ಲಿ ಆಗ ಕೆಲಸದ ವಾರದ ಮೊದಲ ದಿನ, ಆ ಹಾಳೆಗಳು ಒಬ್ಬ ಒಮಾನಿ ಗ್ರಾಹಕರ ವಿಲ್ಲಾದ ನಕ್ಷೆಗಳೊಳಗೆ ಸೇರಿಹೋಗಿ ಅವರೆದುರೇ ಬಿಚ್ಚಿಕೊಂಡವು. ಬಾಸ್ ಒಂದೊಂದೇ ಹಾಳೆ ತಿರುವಿದರು. ಹಾಲ್, ಅತಿಥಿಗಳು ಕೂರುವ ಮಜ್ಲಿಸ್, ಅಡುಗೆಮನೆ. ಆಮೇಲೆ ಕೈ, ಬಾಟಲಿ, ತೊಟ್ಟು.

"ಯೇ ಆದ್ಮಿ ಕೌನ್ ಹೈ?" ಎಂದರು ಗ್ರಾಹಕರು, ತಮಗೆ ಬರುವ ಹಿಂದಿಯಲ್ಲಿ. "ಮೇರೆ ಕಿಚನ್ ಮೇ ಕ್ಯಾ ಕರ್ ರಹಾ ಹೈ?"

ನನ್ನ ಕಣ್ಣೆದುರು ವೀಸಾ ರದ್ದಾಗಿ, ಮಗಳ ಶಾಲೆ ಅರ್ಧಕ್ಕೆ ನಿಂತು, ನಾವು ಮೂವರೂ ಮಂಗಳೂರಿನ ವಿಮಾನ ಹತ್ತಿಯಾಗಿತ್ತು. ಗ್ರಾಹಕರ ಬೆರಳು ಬಾಟಲಿಯಿಂದ ಬಾಗಿಲಿನವರೆಗೆ ಹೋಗಿ ನಿಂತಿತು.

"ಇಧರ್ ಸೇ ಆಯಾ?"

"ಹಾಂ," ಎಂದೆ. ಇನ್ನೇನು ಹೇಳಲಿ.

"ತೋ ಯೇ ದರ್ವಾಜಾ ಖಲಾಸ್. ದೀವಾರ್ ಬನಾವೊ." ಹಿಂಬಾಗಿಲಿದ್ದಲ್ಲಿ ಗೋಡೆ ಬರೆಸಿ, ಉಳಿದದ್ದನ್ನೆಲ್ಲ ಅಲ್ಲೇ ಒಪ್ಪಿ ಎದ್ದುಹೋದರು.

ಬಾಸ್ ಕುತ್ತಿಗೆ ಒರೆಸಿಕೊಂಡರು. "ಇನ್ನು ಯಾವ ಕ್ಲೈಂಟ್ ಒಪ್ಪಿಗೆಗೆ ಸತಾಯಿಸಿದರೂ ಆ ಕೈ ಒಂದು ಸೇರಿಸಿಬಿಡಿ."

೩. ಕೈಯ ಯಜಮಾನರು

ಮಾವನ ಪಾತ್ರ ಮಾಡಿದವರು ನಮ್ಮ ಮೇಲಿನ ಮನೆಯವರು, ಉಡುಪಿ ಕಡೆಯವರು, ಸಂಘದ ಮಾಜಿ ಅಧ್ಯಕ್ಷರು. ಕನ್ನಡ ಅಕ್ಷರದ ಸಾಫ್ಟ್‌ವೇರ್ ಇದ್ದದ್ದು ಅವರ ಕಂಪ್ಯೂಟರಿನಲ್ಲಿ ಮಾತ್ರ. ಹಾಗಾಗಿ ಟೈಟಲಿಗೆ ಹೆಸರು ಟೈಪ್ ಮಾಡಿ ಸೇರಿಸುವ ಕೆಲಸವೂ ಅವರದೇ. ನನ್ನ ಚೌಕಗಳನ್ನು ನೋಡಿ ಅವರ ಮುಖ ಸಣ್ಣದಾಯಿತು.

"ಎಂಥದು ಮಾರಾಯ್ರೆ, ನನ್ನ ಕೈ ಮಾತ್ರ ಉಂಟಲ್ಲ? ಮುಖ ಎಲ್ಲಿ?"

"ಯಾರೆಂದು ಗೊತ್ತಾಗಬಾರದಲ್ಲ."

"ಹಾಗಂತ ನನ್ನ ಹೆಂಡತಿಗೂ ಗುರ್ತ ಸಿಗದಿದ್ದರೆ ಹೇಗೆ?"

ಅವರ ಹೆಂಡತಿ ಅಲ್ಲೇ ಇದ್ದರು. "ಗುರ್ತ ಹೇಗೆ ಸಿಗ್ತದೆ? ಆ ಕೈಯಲ್ಲಿ ಚಹಾ ಮಾಡಿದ್ದು ನಾನು ಇಷ್ಟರವರೆಗೆ ಕಂಡದ್ದಿಲ್ಲ."

೪. ಪಾಯಸ

ಕಾರ್ಯಕ್ರಮದ ದಿನ ಮಾಜಿ ಅಧ್ಯಕ್ಷರು ಸಿಡಿ ತಂದದ್ದು ಕೊನೆಯ ಗಳಿಗೆಯಲ್ಲಿ. ಯಾರೂ ನೋಡಿರಲಿಲ್ಲ. ದೀಪ ಆರಿತು. ಬಾಗಿಲು ತೆರೆಯಿತು, ಕೈ ಬಂತು. ಹಿಂದಿನಿಂದ ಬಿಸಿಬೇಳೆಬಾತಿನ ವಾಸನೆಯೂ ಬಂತು. ಕುರ್ಚಿಗಳು ಕಿರುಗುಟ್ಟಿದವು, ನಾಲ್ಕೈದು ಜನ ಎದ್ದರು. ಕಾರ್ಯದರ್ಶಿಯ ಬೆರಳು ಸ್ವಿಚ್ಚಿನ ಮೇಲಿತ್ತು. ಮಗಳು ನನ್ನ ಕೈ ಗಟ್ಟಿಯಾಗಿ ಹಿಡಿದಳು.

ಆಗ ಪರದೆಯ ತುಂಬ, ಮದುವೆ ಕಾಗದದ ಅಕ್ಷರದಲ್ಲಿ ಬಂತು: "ವಿಷ ಹಾಕುವವರು". ಕೆಳಗೆ ಟೈಪ್ ಮಾಡಿದವರದೇ ಪೂರ್ತಿ ಹೆಸರು. ಅದರ ಕೆಳಗೆ, "ಮಾಜಿ ಅಧ್ಯಕ್ಷರು".

"ಮುಗೀತು ಪಪ್ಪ," ಎಂದಳು ಮಗಳು. ಅವಳ ಕೈ ತಣ್ಣಗಾಗಿತ್ತು.

ಆದರೆ ಎದ್ದವರು ಹಾಗೇ ಕೂತರು. ಮಾವ ನಗುತ್ತಾ ಟ್ರೇ ಹಿಡಿದು ಬಂದಾಗಲೆಲ್ಲ ಸಭೆ ಉಸಿರು ಬಿಗಿಹಿಡಿಯಿತು. "ಕುಡಿಬೇಡ ಮಗಾ," ಎಂದು ಯಾರೋ ಹಿಂದಿನಿಂದ ಗೋಗರೆದರು. ಮುಗಿಯುವವರೆಗೆ ಒಬ್ಬರೂ ಏಳಲಿಲ್ಲ. ಮಗಳು ಚಪ್ಪಾಳೆಯ ನಡುವೆ ಅತ್ತಳು, ನಾನೂ ಕಣ್ಣೊರೆಸಿಕೊಂಡೆ.

ಆಮೇಲೆ ಊಟ. ಮಾಜಿ ಅಧ್ಯಕ್ಷರು ಪಾಯಸವನ್ನು ತಾವೇ ಬಡಿಸುವುದು ಸಂಘದಲ್ಲಿ ನಡೆದುಬಂದ ಪದ್ಧತಿ. ಸೌಟು ಹಿಡಿದು, ಅದೇ ನಗು ನಗುತ್ತಾ ನಿಂತರು. ಸಾಲು ಅವರವರೆಗೆ ಬಂದು, ಪಕ್ಕಕ್ಕೆ ತಿರುಗಿ, ಮೊಸರನ್ನದ ಕಡೆ ಹೋಯಿತು. ಮಗನ ಮನೆಗೆಂದು ಊರಿನಿಂದ ಬಂದಿದ್ದ ಒಬ್ಬ ಅಜ್ಜಿ ಮಾತ್ರ ಲೋಟ ಒಡ್ಡಿದರು. ಮಾಜಿ ಅಧ್ಯಕ್ಷರು ಸಂತೋಷದಿಂದ ತುಂಬಿಸಿದರು. ಅಜ್ಜಿ ಲೋಟವನ್ನು ಅವರಿಗೇ ಹಿಂದಕ್ಕೆ ಕೊಟ್ಟರು.

"ಮೊದಲು ನೀನು ಕುಡಿ ಮಗಾ."

ಪಾಪ, ಕುಡಿದರು. ಸಾಲಿಗೆ ಸಾಲೇ ಅವರ ಗಂಟಲು ನೋಡುತ್ತಾ ನಿಂತಿತು. ಲೋಟ ಖಾಲಿ ಮಾಡಿ ತೋರಿಸಿ, "ಈಗ ಬನ್ನಿ," ಎಂದರು. ಒಂದಿಬ್ಬರು ಮುಂದೆ ಹೆಜ್ಜೆಯಿಟ್ಟರು.

ಸಾಲಿನಲ್ಲಿದ್ದ ಅವರ ಹೆಂಡತಿ ಅಡ್ಡ ಕೈ ಚಾಚಿದರು. "ಅವಸರ ಎಂತಕ್ಕೆ? ಸ್ವಲ್ಪ ಹೊತ್ತು ನೋಡುವ."