ಮಾವ ನೋಡಿದ ಪ್ರಾಗ್

ನಮ್ಮ ಸೋದರಮಾವ ನೋಡದ ದೇಶವಿಲ್ಲ. ಆದರೆ ಅಮೆರಿಕಕ್ಕೆ ಬಂದಮೇಲೆ ಅವರು ಯಾವ ದೇಶಕ್ಕೂ ಹೋದದ್ದೇ ಇಲ್ಲ! ಇದು ಹೇಗೆ ಎಂದು ಕೇಳಿದರೆ ಅವರ ಉತ್ತರ ಸಿದ್ಧವಾಗಿರುತ್ತದೆ: "ವೆಂಕಟರಮಣನ್ನ ನೋಡೋಕೆ ವೈಕುಂಠಕ್ಕೇ ಹೋಗ್ಬೇಕಾ? ಗೋಡೆ ಮೇಲಿನ ಕ್ಯಾಲೆಂಡರ್ ಸಾಲಲ್ವಾ?"

ಮಾವನ ಕ್ಯಾಲೆಂಡರು ಎಂದರೆ ಕಂಪ್ಯೂಟರು. ಹಗಲೆಲ್ಲ ಷಿಕಾಗೋ ಬಳಿಯ ಶಾಮ್‌ಬರ್ಗ್‌ನ ಆಫೀಸಿನಲ್ಲಿ ಅದರ ಮುಂದೆ ಕೂತು ಸಂಬಳ ಸಂಪಾದಿಸುತ್ತಾರೆ. ಸಂಜೆ ಮನೆಯಲ್ಲಿ ಇನ್ನೊಂದರ ಮುಂದೆ ಕೂತು, ಮ್ಯಾಪಿನ ಬೀದಿಚಿತ್ರಗಳಲ್ಲಿ ಯುರೋಪಿನ ಗಲ್ಲಿಗಲ್ಲಿ ಅಲೆಯುತ್ತಾರೆ. ಒಮ್ಮೆ ಹತ್ತಿರದ ವೆಸ್ಟ್‌ಮಂಟ್‌ನ ಹುಟ್ಟುಹಬ್ಬವೊಂದರಲ್ಲಿ, ಆಗಷ್ಟೇ ಪ್ಯಾರಿಸ್ ನೋಡಿ ಬಂದಿದ್ದ ಅಂಕಲ್ ಒಬ್ಬರು ಅಲ್ಲಿ ಟಾಯ್ಲೆಟ್ ಸಿಗದೆ ಪಟ್ಟ ಪಾಡನ್ನು ವರ್ಣಿಸುತ್ತಿದ್ದರು. ಮಾವ ಬಿಸಿಬೇಳೆಬಾತಿನ ತಟ್ಟೆಯಿಂದ ತಲೆ ಎತ್ತಿ, "ಮೆಟ್ರೋ ಮೆಟ್ಲು ಹತ್ತಿದ ತಕ್ಷಣ ಎಡಗಡೆಗಿತ್ತಲ್ಲ, ಹಸಿರು ಬಾಗ್ಲು" ಎಂದರು.

"ನೀವು ಯಾವಾಗ ಹೋಗಿದ್ರಿ?"

"ನಾನು ಹೋಗೋವರೆಗೂ ಅದು ಅಲ್ಲೇ ಇರತ್ತೆ, ಬಿಡಿ!"

ಹೋಗದಿರಲು ಕಾರಣ ಜಿಪುಣತನವೂ ಅಲ್ಲ, ಸೋಮಾರಿತನವೂ ಅಲ್ಲ. ಪಾಸ್‌ಪೋರ್ಟಿನಲ್ಲಿರುವ ವೀಸಾ ಮುದ್ರೆಯ ಅವಧಿ ಎಂದೋ ಮುಗಿದಿದೆ. ದೇಶದೊಳಗಿದ್ದು ಕೆಲಸ ಮಾಡಲು ಅಡ್ಡಿಯಿಲ್ಲ. ಹೊರಗೆ ಕಾಲಿಟ್ಟರೆ ಮಾತ್ರ ಹೊಸ ಮುದ್ರೆ ಬೀಳುವ ತನಕ ಒಳಗೆ ಬರುವಂತಿಲ್ಲ. ಅದು ಯಾವಾಗ ಬೀಳುತ್ತದೋ, ಅಷ್ಟರಲ್ಲಿ ಕೆಲಸ ಉಳಿದಿರುತ್ತದೋ, ಮಗಳ ಸ್ಕೂಲಿನ ಗತಿಯೇನೋ! ಗ್ರೀನ್ ಕಾರ್ಡಿನ ಸರದಿಯೋ, ನಮ್ಮೂರ ಸೀಮೆಎಣ್ಣೆ ಕ್ಯೂಗಿಂತ ಉದ್ದ. "ನನ್ ಕೈಗೆ ಬರೋಷ್ಟರಲ್ಲಿ ಹಸಿರೆಲ್ಲ ಬಿಟ್ಟು ಬಿಳೀ ಕಾರ್ಡ್ ಆಗಿರತ್ತೆ" ಎಂದು ನಗುತ್ತಾರೆ. ಕೆನಡಾಕ್ಕಾದರೂ ಹೊಸ ಮುದ್ರೆಯಿಲ್ಲದೆ ಹೋಗಿ ಬರಲು ಏನೋ ನಿಯಮವಿದೆಯಂತೆ ಎಂದು ಗೆಳೆಯರು ಹೇಳಿದರೆ, "ನಿಯಮ ಇದೆ ಸ್ವಾಮಿ. ಬಾಗ್ಲಲ್ಲಿ ನಿಂತಿರೋ ಆಫೀಸರ್‌ಗೂ ಅದು ಗೊತ್ತಿರ್ಬೇಕಲ್ಲ?" ಎನ್ನುತ್ತಾರೆ.

ಹಾಗಂತ ಅವರು ವಿದೇಶ ಪ್ರವಾಸ ಮಾಡಿಸುವುದೇ ಇಲ್ಲವೆಂದುಕೊಳ್ಳಬೇಡಿ. ನಾನು ಷಿಕಾಗೋಗೆ ಓದಲು ಬಂದ ವರ್ಷ, "ನಡಿ, ನಿಂಗೆ ಕೆನಡಾ ತೋರಿಸ್ತೀನಿ" ಎಂದು ಐದು ಗಂಟೆ ಡ್ರೈವ್ ಮಾಡಿಕೊಂಡು ಡೆಟ್ರಾಯಿಟ್‌ಗೆ ಕರೆದೊಯ್ದರು. ಅಲ್ಲಿ ನದಿಯ ಈ ದಡ ಅಮೆರಿಕ, ಆ ದಡ ಕೆನಡಾ. ಅಲ್ಲೇ ಪಕ್ಕದ ವಾರೆನ್‌ನಲ್ಲಿ ಕಾರಿನ ಇಂಜಿನಿಯರಾಗಿರುವ ಅವರ ಹುಬ್ಬಳ್ಳಿ ಗೆಳೆಯರೂ ನಮ್ಮ ಕಾರು ಹತ್ತಿದರು. ಹೈವೇಯಲ್ಲಿ 'ಕೆನಡಾಕ್ಕೆ ಸೇತುವೆ' ಎಂಬ ಫಲಕ ಕಂಡದ್ದೇ ತಡ, ಅರವತ್ತೈದು ಮೈಲಿ ವೇಗದಲ್ಲಿದ್ದ ಮಾವ ಇಪ್ಪತ್ತಕ್ಕೆ ಇಳಿದರು!

"ಏನ್ರೀ, ಹಿಂದಿನವ್ರು ಹಾರ್ನ್ ಹೊಡದ ಹೊಡದ ಸುಸ್ತಾಗ್ಯಾರ, ಒಂಚೂರು ಗಾಡಿ ಓಡಸ್ರಿ!" ಎಂದರು ಗೆಳೆಯರು.

"ನಿಮಗೇನ್ರಿ, ಸಿಟಿಜನ್ನು! ಇಲ್ಲಿ ಎಕ್ಸಿಟ್ ಮಿಸ್ ಆದ್ರೆ ಸೀದಾ ಸೇತುವೆ. ಆಮೇಲೆ ನನ್ ಯೂ-ಟರ್ನ್ ಇರೋದು ಚೆನ್ನೈ ಕಾನ್ಸುಲೇಟಲ್ಲಿ!"

ಈ ಮಾತನ್ನು ನಾನೇ ಕಾರಿನಲ್ಲಿ ಕೂತು ಕೇಳಿದೆನೋ, ಅತ್ತೆ ಹೇಳಿ ಹೇಳಿ ನನ್ನ ನೆನಪಾಯಿತೋ, ಈಗ ಖಾತ್ರಿಯಿಲ್ಲ. ಆದರೆ ನದಿಯ ದಂಡೆಯ ಕಟಕಟೆ ಹಿಡಿದು ನಿಂತಾಗ ನಡೆದದ್ದನ್ನು ಮಾತ್ರ ಕಣ್ಣಾರೆ ಕಂಡಿದ್ದೇನೆ. ಮಾವನ ಫೋನು ಆಚೆ ದಡದ ಸಿಗ್ನಲ್ ಹಿಡಿದು 'ಕೆನಡಾಕ್ಕೆ ಸ್ವಾಗತ' ಎಂದು ಮೆಸೇಜು ತಂದಿತು. "ನೋಡ್ದ್ಯಾ? ನನ್ ಫೋನ್ ಹೋಗ್ಬಿಟ್ಟು ಬಂತು!" ಎಂದು ಅದನ್ನು ಎಲ್ಲರಿಗೂ ತೋರಿಸಿದರು. ಆಮೇಲೆ ತುಂಬ ಹೊತ್ತು ಆಚೆ ದಡವನ್ನೇ ನೋಡುತ್ತ ನಿಂತಿದ್ದರು. ಊಟಕ್ಕೆ ಹೊತ್ತಾಯಿತೆಂದು ನಾವೇ ಎಳೆದುಕೊಂಡು ಬಂದೆವು.

ಇಂಥ ಮಾವನಿಗೆ, ನಾನು ಸಮ್ಮೇಳನಕ್ಕೆಂದು ಪ್ರಾಗ್‌ಗೆ ಹೋಗುತ್ತೇನೆಂದೂ, ಊರು ನೋಡಲು ಒಂದು ಶನಿವಾರ ಬಿಡುವಿದೆಯೆಂದೂ ಹೇಳಿದ್ದು ತಪ್ಪಾಯಿತು. ನನ್ನ ವೀಸಾ ಮುದ್ರೆ ಇನ್ನೂ ಜೀವಂತವಾಗಿತ್ತಲ್ಲ! ಆ ದಿನ ಹೋಟೆಲಿನಿಂದ ಹೊರಬೀಳುವಷ್ಟರಲ್ಲಿ ವಿಡಿಯೋ ಕರೆ ಬಂತು. ಶಾಮ್‌ಬರ್ಗ್‌ನಲ್ಲಿ ಇನ್ನೂ ಬೆಳಕು ಹರಿದಿರಲಿಲ್ಲ. ಮನೆಯವರ ನಿದ್ದೆ ಕೆಡದಿರಲೆಂದು ಮಾವ ಪಾರ್ಕಿಂಗ್‌ನಲ್ಲಿದ್ದ ಕಾರಿನೊಳಗೆ ಕೂತಿದ್ದರು. ಸೀಟ್‌ಬೆಲ್ಟ್ ಬೇರೆ ಹಾಕಿಕೊಂಡಿದ್ದರು!

"ಎಡಕ್ಕೆ ತಿರುಗು. ಕಲ್ಲು ಹಾಸಿದ ರಸ್ತೆ, ಹುಷಾರು. ಮೂಲೇಲಿ ಒಂದು ಬೇಕರಿ ಇದೆ."

"ಬೇಕರಿ ಇಲ್ಲ ಮಾವ, ಮಸಾಜ್ ಅಂಗಡಿ."

"ಸರಿಯಾಗಿ ನೋಡೇ, ಬೇಕರಿ!"

ಕಣ್ಣೆದುರು ಮಸಾಜಿನ ಬೋರ್ಡು ಇದ್ದರೂ ನನಗೇ ಅನುಮಾನ ಬಂತು. ಮ್ಯಾಪಿನ ಹಳೆಯ ಚಿತ್ರದಲ್ಲಿ ಬೇಕರಿ ಇತ್ತೆಂದು ಆಮೇಲೆ ತಿಳಿಯಿತು. ಮಾವನ ಪ್ರಾಗ್ ಹಳೆಯದು, ನನ್ನದು ಹೊಸದು. ಐತಿಹಾಸಿಕ ನಗರವೆಂದ ಮೇಲೆ ಹಳೆಯದೇ ಅಸಲಿ ಅಲ್ಲವೇ?

ಗಂಟೆ ಹೊಡೆದಾಗ ಗೊಂಬೆಗಳು ಕುಣಿಯುವ ಆ ಪ್ರಸಿದ್ಧ ಗಡಿಯಾರದ ಮುಂದೆ ಜಾತ್ರೆಯಂತೆ ಜನ. ಸರಿಯಾಗಿ ಗಂಟೆ ಬಾರಿಸುವ ಹೊತ್ತಿಗೆ ಮಾವ, "ಹಿಂದಕ್ಕೆ ತಿರುಗು!" ಎಂದರು.

"ಗಡಿಯಾರ ಮುಂದಿದೆ ಮಾವ!"

"ಗಡಿಯಾರ ನಾನು ನೂರ್ ಸಲ ನೋಡಿದೀನಿ. ನೋಡ್ತಿರೋ ಜನರ ಮುಖ ತೋರಿಸು. ಅದು ಮ್ಯಾಪಲ್ಲಿ ಬರಲ್ಲ, ಎಲ್ಲರ ಮುಖಾನೂ ಅಳಿಸಿರ್ತಾರೆ."

ಬಾಯಿ ತೆರೆದು ನಿಂತ ಜನರನ್ನು ತೋರಿಸಿದೆ. ಗೊಂಬೆಗಳು ಕುಣಿದು ಒಳಗೆ ಹೋದವು. ಆ ದಿನದ ನನ್ನ ದಿನಚರಿಯಲ್ಲಿ 'ಗಡಿಯಾರ ನೋಡಿದೆ, ಅದ್ಭುತ' ಎಂದಿದೆ. ಶುದ್ಧ ಸುಳ್ಳು!

ಕಡೆಗೆ ಹಳೆಯ ಕಲ್ಲಿನ ಸೇತುವೆಗೆ ಬಂದೆವು. ನೋಡಿ, ಬಂದೆವು ಎಂದೇ ಬರೆಯುತ್ತಿದ್ದೇನೆ. ಅಷ್ಟರಲ್ಲಿ ಶಾಮ್‌ಬರ್ಗ್‌ನಲ್ಲಿ ಬೆಳಗಾಗಿತ್ತು. ಅಪ್ಪನಿಗೆ ಕಾಫಿ ತಂದ ಮಗಳು ಕಾರಿನ ಕಿಟಕಿಯಲ್ಲಿ ಇಣುಕಿ, "ಡ್ಯಾಡ್, ಲೆಟ್ ಹರ್ ಎಂಜಾಯ್!" ಎಂದು ಗದರಿ ಹೋದಳು. ಸೇತುವೆಯ ಉದ್ದಕ್ಕೂ ಸಂತರ ಮೂರ್ತಿಗಳಿದ್ದವು. ಮಾವ ಇನ್ನು ಒಬ್ಬೊಬ್ಬರ ಕಥೆ ಶುರುಮಾಡುತ್ತಾರೆಂದು ನಾನು ಉಸಿರು ಬಿಗಿಹಿಡಿದೆ. ಅವರು ಸಂತರ ಸುದ್ದಿಗೇ ಹೋಗಲಿಲ್ಲ.

"ಆಚೆ ದಡಕ್ಕೆ ನಡಿ. ಫೋನ್ ಮುಂದಕ್ಕೆ ಹಿಡ್ಕೊ" ಎಂದರು.

ನಡೆದೆ. ಆಚೆ ದಡದ ಗೋಪುರದ ಕಮಾನು ದಾಟಿ ನಿಂತೆ.

"ಈಗ ವಾಪಸ್ ಬಾ."

ವಾಪಸು ಬಂದೆ. ಕಾಲು ನೋಯುತ್ತಿತ್ತು. ಇದೇನು ಹುಚ್ಚು ಎಂದು ಕೇಳಲು ಬಾಯಿ ತೆರೆದಿದ್ದೆ. ಅಷ್ಟರಲ್ಲಿ ಅವರೇ ಮೆಲ್ಲಗೆ ಕೇಳಿದರು.

"ಯಾರಾದ್ರೂ ಏನಾದ್ರೂ ಕೇಳಿದ್ರಾ?"

"ಯಾರು ಮಾವ?"

"ಯಾರಾದ್ರೂ. ಹೋಗುವಾಗ, ಬರುವಾಗ."

"ಇಲ್ಲ ಮಾವ. ಯಾರೂ ಏನೂ ಕೇಳ್ಲಿಲ್ಲ."

ಪರದೆಯಲ್ಲಿ ಮಾವ ಸೀಟ್‌ಬೆಲ್ಟಿನ ಪಟ್ಟಿಯನ್ನು ಎರಡೂ ಕೈಯಲ್ಲಿ ಹಿಡಿದು ಕೂತಿದ್ದರು.

"ಕಾಲು ನೋಯ್ದೆ ಇದ್ರೆ," ಎಂದರು, "ಇನ್ನೊಂದ್ ಸಲ ಹೋಗಿ ಬರೋಣ್ವಾ?"

ನೋಯ್ತಿಲ್ಲ ಮಾವ ಎಂದೆ. ಫೋನನ್ನು ಎದೆಯ ಮಟ್ಟಕ್ಕೆ ಹಿಡಿದು ಮತ್ತೆ ಹೊರಟೆ, ಈ ಸಲ ನಿಧಾನವಾಗಿ.